ಸೋಲುವವನೂ ಕಥೆಯ ನಾಯಕ ಆಗಬಹುದಾ?

ಖಂಡಿತ ಆಗಬಹುದು. ಸಂಸ್ಕೃತ ನಾಟಕಶಾಸ್ತ್ರದವರು ನಾಯಕರನ್ನು ನಾಲ್ಕು ಥರ ಮಾಡಿದ್ದರು: ರಾಮನಂಥ ಗಂಭೀರ ಸ್ವಭಾವದವನು ಧೀರೋದಾತ್ತ, ಕಲೆ, ಪ್ರೀತಿ ಅಂತ ಮುಳುಗಿರುವ ಉದಯನನಂಥ ರಾಜ ಧೀರಲಲಿತ, ಸಮಾಧಾನಿ ಚಾರುದತ್ತ ಧೀರಶಾಂತ, ಸಿಟ್ಟಿನ ಭೀಮ ಧೀರೋದ್ಧತ. ಸೋತು ಬೀಳುವ ನಾಯಕ ಈ ಲೆಕ್ಕದಲ್ಲಿ ಸರಿಯಾಗಿ ಕೂರುವುದಿಲ್ಲ. ಅವನನ್ನು ನೋಡಬೇಕಾದರೆ ಹಳೆಗನ್ನಡಕ್ಕೆ ಬನ್ನಿ.

ರನ್ನನ ಗದಾಯುದ್ಧವನ್ನೇ ತಗೊಳ್ಳಿ. ಕವಿ ತನ್ನ ಒಡೆಯ, ಚಾಲುಕ್ಯರ ಸತ್ಯಾಶ್ರಯನನ್ನು ಭೀಮನ ಜೊತೆ ಒಂದು ಮಾಡಿ ಬರೆದಿದ್ದಾನೆ, ಹಾಗಾಗಿ ಹೆಸರಿಗೆ ನಾಯಕ ಭೀಮನೇ. ಆದರೆ ಓದುವಾಗ ಮನಸ್ಸು ಹೋಗುವುದು ದುರ್ಯೋಧನನ ಕಡೆಗೆ ಅಲ್ವಾ? ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತಾ ದ್ರೋಣ, ದುಶ್ಶಾಸನ, ಕರ್ಣ ಬಿದ್ದಿರುವುದನ್ನು ಕಂಡು ಒಬ್ಬೊಬ್ಬರಿಗೂ ಅಳುತ್ತಾನೆ, ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯವನ್ನೂ ಮನಸಾರೆ ಹೊಗಳುತ್ತಾನೆ. ತಪ್ಪು ಅವನದೇ, ಛಲವೂ ಅವನದೇ, ಆದರೂ ಅವನು ದೊಡ್ಡವನಾಗಿ ಕಾಣುತ್ತಾನೆ. ಇಂಥವನನ್ನು ದುರಂತ ನಾಯಕ ಅನ್ನುತ್ತೇವೆ. ಸುಮ್ನೆ ಕೇಡು ಮಾಡುವ ಖಳ ಬೇರೆ, ಇವನು ಬೇರೆ.

ಪಂಪನೂ ಅಷ್ಟೇ. 941ರ ಆಸುಪಾಸಿನ ಅವನ ಭಾರತದಲ್ಲಿ ನಾಯಕ ಅರ್ಜುನ, ಆದರೆ ಒಬ್ಬರನ್ನೇ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಅನ್ನುತ್ತಾನೆ.