ಟ್ರಿನಿಡಾಡ್–ಟೊಬೇಗೊ ಪ್ರವಾಸ: ಅತ್ತೆ–ಮಾವನಿಗೆ ಊಟ, ಮಕ್ಕಳಿಗೆ ಕಡಲು

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಾರ್ಚ್ ಕೊನೆಯಲ್ಲಿ ಎಂಟು ದಿನ ಕೆರಿಬಿಯನ್ ದ್ವೀಪವೊಂದಕ್ಕೆ ಹೋಗುವ ಯೋಚನೆ ಇದೆ. ತೀರ್ಥಹಳ್ಳಿಯಿಂದ ಬಂದಿರುವ ಅತ್ತೆ–ಮಾವನೂ ಜೊತೆಗಿರುತ್ತಾರೆ, ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಆರು ಮತ್ತು ಹತ್ತು ವರ್ಷದ ಮಕ್ಕಳಿಗೆ ನೀರೆಂದರೆ ಪ್ರಾಣ. ನನ್ನವರಿಗೆ ಮೀನು ಅಭ್ಯಾಸವಾಗಿದೆ. ಊಟ–ವಸತಿ ಎಲ್ಲ ಸೇರಿದ ರೆಸಾರ್ಟ್ ಹಿಡಿಯಿರಿ ಎಂದು ಗೆಳೆಯರು ಹೇಳುತ್ತಾರೆ. ಟ್ರಿನಿಡಾಡ್‌ನಲ್ಲಿ ನಮ್ಮಂಥ ಊಟ ಸಿಗುತ್ತದಂತೆ, ಆದರೆ ಬೀಚ್ ಅಷ್ಟಕ್ಕಷ್ಟೆಯಂತೆ. ಏನು ಮಾಡಲಿ?

ಉತ್ತರ: ಟ್ರಿನಿಡಾಡ್‌ಗೇ ಹೋಗಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಆ ದೇಶದ ಹೆಸರೇ ಟ್ರಿನಿಡಾಡ್ ಮತ್ತು ಟೊಬೇಗೊ. ಎರಡು ದ್ವೀಪ, ಒಂದು ಸರ್ಕಾರ. ಮೊದಲ ನಾಲ್ಕು ದಿನ ಟ್ರಿನಿಡಾಡ್‌ನಲ್ಲಿ ಅತ್ತೆ–ಮಾವನ ಹೊಟ್ಟೆ ತಣಿಯಲಿ, ಉಳಿದ ನಾಲ್ಕು ದಿನ ಟೊಬೇಗೊದಲ್ಲಿ ಮಕ್ಕಳು ನೀರಾಡಲಿ. ನಡುವಿನ ವಿಮಾನ ಪ್ರಯಾಣ ಅರ್ಧ ಗಂಟೆಯೂ ಇಲ್ಲ. ಹಡಗೂ ಇದೆ, ಆದರೆ ಅಲೆ ಜೋರಿದ್ದ ದಿನ ವಯಸ್ಸಾದವರಿಗೆ ಹೊಟ್ಟೆ ತೊಳೆಸುತ್ತದೆ. ಜನವರಿಯಿಂದ ಮೇವರೆಗೆ ಅಲ್ಲಿ ಒಣಹವೆ, ನೀವು ಆರಿಸಿದ ಸಮಯ ಚೆನ್ನಾಗಿದೆ. ನಿಮ್ಮದು ಕೆಲಸದ ವೀಸಾ ಆಗಿದ್ದರೆ, ಅಮೆರಿಕಕ್ಕೆ ಮರಳುವಾಗ ಪಾಸ್‌ಪೋರ್ಟಿನಲ್ಲಿರುವ ಸ್ಟ್ಯಾಂಪಿನ ಅವಧಿ ಮುಗಿದಿರಬಾರದು. ಟಿಕೆಟ್ ಕೊಳ್ಳುವ ಮೊದಲೇ ಅದನ್ನು ನೋಡಿಕೊಳ್ಳಿ.

ಈಗ ಊಟದ ವಿಷಯ. 1845ರಿಂದ 1917ರವರೆಗೆ ಸುಮಾರು 1.4 ಲಕ್ಷ ಭಾರತೀಯರನ್ನು ಕಬ್ಬಿನ ತೋಟದ ಕರಾರು ಕೂಲಿಗಾಗಿ ಅಲ್ಲಿಗೆ ಸಾಗಿಸಿದರು. ಹೆಚ್ಚಿನವರು ಇಂದಿನ ಬಿಹಾರ, ಉತ್ತರ ಪ್ರದೇಶದವರು. ಕಲ್ಕತ್ತೆಯಿಂದ ಹಡಗು ಹತ್ತಿದವರು. ಮದ್ರಾಸಿನಿಂದ ಹೊರಟವರೂ ಇದ್ದರು. ಸಿಕ್ಕ ಹಿಟ್ಟು, ಸಿಕ್ಕ ಬೇಳೆ, ಸಿಕ್ಕ ಸೊಪ್ಪಿನಲ್ಲಿ ಅವರ ಅಡುಗೆ ಬೇರೆಯದೇ ದಾರಿ ಹಿಡಿಯಿತು. ಆದ್ದರಿಂದ ಹೋಗುವ ಮೊದಲೇ ಅತ್ತೆಯವರಿಗೆ ಒಂದು ಮಾತು ಹೇಳಿಡಿ: ಇದು ನಮ್ಮ ಊಟ ಕೆಟ್ಟುಹೋಗಿ ಆದದ್ದಲ್ಲ, ಅವರದೇ ಊಟ. ‘ಇದಕ್ಕೆ ಇಂಗು ಹಾಕಬೇಕಿತ್ತು’ ಎನ್ನುತ್ತಾ ತಿಂದವರಿಗೆ ಅದರ ರುಚಿ ಹತ್ತುವುದಿಲ್ಲ. ಕುತೂಹಲದಿಂದ ತಿಂದರೆ ಪ್ರತಿ ತುತ್ತಿನಲ್ಲೂ ಪರಿಚಯದ ಮುಖವೊಂದು ಇಣುಕುತ್ತದೆ. ಬೇಳೆಗೆ ಬೆಳ್ಳುಳ್ಳಿ–ಜೀರಿಗೆ ಒಗ್ಗರಣೆ ಕೊಡುವುದಕ್ಕೆ ಅಲ್ಲಿಯವರು ‘ಚುಂಕೇ’ ಎನ್ನುತ್ತಾರೆ. ಜೀರಿಗೆ ‘ಗೀರಾ’, ಹಾಗಲಕಾಯಿ ‘ಕರೈಲಿ’, ಸೊಪ್ಪು ‘ಭಾಜಿ’.

ಬೆಳಿಗ್ಗೆ ಡಬಲ್ಸ್ ತಿನ್ನಿ. ಅರಿಶಿನ ಹಾಕಿದ ಮೈದಾ ಹಿಟ್ಟಿನ, ಮೆತ್ತಗಿನ ಎರಡು ಕರಿದ ‘ಬಾರಾ’. ಮೇಲೆ ಕಡಲೆಯ ಗೊಜ್ಜು, ಹುಣಸೆ ಸಾಸ್, ಸೌತೆಕಾಯಿ ತುರಿ, ಮಾವಿನಕಾಯಿ ತುರಿದು ಮಾಡಿದ ‘ಕುಚೆಲಾ’. 1930ರ ದಶಕದಲ್ಲಿ ದಕ್ಷಿಣದ ಪ್ರಿನ್ಸಸ್ ಟೌನ್‌ನಲ್ಲಿ ಹುಟ್ಟಿದ ತಿಂಡಿ ಇದು. ಮೊಟ್ಟೆ, ಹಾಲು ಯಾವುದೂ ಇಲ್ಲ. ಕ್ಯೂರೀಪ್ ಜಂಕ್ಷನ್ನಿನ ತಳ್ಳುಗಾಡಿಗಳ ಹತ್ತಿರ ನಿಂತು, ಕಾಗದದಲ್ಲಿ ಇಟ್ಟುಕೊಂಡು ತಿನ್ನುವುದೇ ಕ್ರಮ. ತಡವಾಗಿ ಎದ್ದರೆ ಪಾತ್ರೆ ಖಾಲಿಯಾಗಿರುತ್ತದೆ. ಮಾರುವವರು ‘ಪೆಪ್ಪರ್?’ ಎಂದು ಕೇಳಿಯೇ ಕೇಳುತ್ತಾರೆ. ಅಲ್ಲಿ ಪೆಪ್ಪರ್ ಎಂದರೆ ಕರಿಮೆಣಸಲ್ಲ, ಮೆಣಸಿನಕಾಯಿ ಸಾಸ್. ಮೊದಲ ದಿನ ‘ನೋ ಪೆಪ್ಪರ್’, ಎರಡನೆಯ ದಿನ ‘ಸ್ಲೈಟ್’, ಅಂದರೆ ಸ್ವಲ್ಪವೇ, ಎನ್ನಿ. ಬ್ಯಾಡಗಿ ಮೆಣಸಿನಕಾಯಿಯ ಅಂದಾಜಿನಲ್ಲಿ ಧೈರ್ಯ ಮಾಡಬೇಡಿ. 2012ರಲ್ಲಿ ಜಗತ್ತಿನ ಅತಿ ಖಾರದ ಮೆಣಸಿನಕಾಯಿ ಎನಿಸಿಕೊಂಡ ಮೊರುಗಾ ಸ್ಕಾರ್ಪಿಯನ್ ಆ ದ್ವೀಪದ ಮೊರುಗಾ ಎಂಬ ಊರಿನ ಹೆಸರು ಹೊತ್ತದ್ದು.

ಮಧ್ಯಾಹ್ನಕ್ಕೆ ರೋಟಿ ಅಂಗಡಿ. ಬೇಳೆ ಹೋಳಿಗೆಯ ಹೂರಣದಿಂದ ಬೆಲ್ಲ ತೆಗೆದು ಜೀರಿಗೆ ಹಾಕಿದಂತೆ ಕಲ್ಪಿಸಿಕೊಳ್ಳಿ, ಅದೇ ‘ದಾಲ್‌ಪುರಿ’. ಒಳಗೆ ಆಲೂಗಡ್ಡೆ–ಕಡಲೆ, ಸಿಹಿಗುಂಬಳ, ಸೊಪ್ಪು ಅಥವಾ ‘ಬೋಡಿ’ ಎನ್ನುವ ಉದ್ದನೆಯ ಅಲಸಂದೆಕಾಯಿ ಪಲ್ಯ ಇಟ್ಟು ಮಡಚಿಕೊಡುತ್ತಾರೆ. ಪರಾಠವನ್ನು ಕಾವಲಿಯ ಮೇಲೆ ಬಡಿದು ಚಿಂದಿ ಮಾಡಿ ಕೊಡುವುದಕ್ಕೆ ‘ಬಸ್ ಅಪ್ ಶಟ್’ ಎಂಬ ಹೆಸರು. ಹರಿದ ಅಂಗಿಯಂತೆ ಕಾಣುತ್ತದೆ ಎಂದು ಹಾಗೆ ಕರೆಯುತ್ತಾರೆ. ಸುಟ್ಟ ಬದನೆ, ಸುಟ್ಟ ಟೊಮೆಟೊದ ‘ಚೋಕಾ’ ಮತ್ತು ಸಾದಾ ರೋಟಿ ಬೆಳಗಿನ ಇನ್ನೊಂದು ತಿಂಡಿ. ಬದನೆಕಾಯಿ ಸುಟ್ಟ ಗೊಜ್ಜು ತಿಂದು ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಮಲೆನಾಡಿನವರು ಮರೆಯದೆ ಕೇಳಬೇಕಾದ್ದು ‘ಸಹೀನಾ’: ಕೆಸುವಿನ ಎಲೆಗೆ ಬೇಳೆ ಹಿಟ್ಟು ಸೇರಿಸಿ ಕರಿದದ್ದು. ನಿಮ್ಮ ಅತ್ತೆಯವರು ಒಂದು ಚೂರು ಬಾಯಿಗಿಟ್ಟರೆ ಪತ್ರೊಡೆಯ ಮಾತು ತೆಗೆಯದೆ ಇರಲಾರರು.

ಎಚ್ಚರಿಕೆಯೂ ಬೇಕು. ಹೆಚ್ಚಿನ ರೋಟಿ ಅಂಗಡಿಗಳಲ್ಲಿ ಮಾಂಸದ ಪಾತ್ರೆ, ಪಲ್ಯದ ಪಾತ್ರೆ ಅಕ್ಕಪಕ್ಕದಲ್ಲೇ ಇರುತ್ತವೆ. ಬೇರೆ ಸೌಟಿನಲ್ಲಿ ಬಡಿಸಿ ಎಂದರೆ ಬೇಸರ ಮಾಡಿಕೊಳ್ಳುವುದಿಲ್ಲ. ವ್ರತ ಹಿಡಿಯುವ ಗಿರಾಕಿಗಳು ಅವರಿಗೆ ಹೊಸಬರಲ್ಲ. ‘ಕಲಲೂ’ ಎಂಬ ಸಾರು ಕೆಸುವಿನ ಸೊಪ್ಪು, ಬೆಂಡೆಕಾಯಿ, ತೆಂಗಿನಹಾಲಿನದು. ಹಸಿರಾಗಿ ಕಾಣುತ್ತದೆಂದು ನಂಬಬೇಡಿ, ಎಷ್ಟೋ ಸಲ ಏಡಿ ಅಥವಾ ಉಪ್ಪು ಹಾಕಿಟ್ಟ ಮಾಂಸ ಬಿದ್ದಿರುತ್ತದೆ. ‘ಮ್ಯಾಕರೋನಿ ಪೈ’ಗೆ ಮೊಟ್ಟೆ ಹಾಕುತ್ತಾರೆ. ಬೆಳ್ಳುಳ್ಳಿ ಬಹುತೇಕ ಎಲ್ಲದರಲ್ಲೂ ಇರುತ್ತದೆ. ಅದನ್ನೂ ಬಿಟ್ಟವರಾದರೆ ಅಡುಗೆಮನೆ ಇರುವ ಬಾಡಿಗೆ ಮನೆಯೇ ಸರಿ.

ಟ್ರಿನಿಡಾಡ್‌ನಲ್ಲಿ ಬೀಚ್ ಚೆನ್ನಾಗಿಲ್ಲ ಎಂದವರು ಉತ್ತರ ಕರಾವಳಿ ನೋಡಿರಲಾರರು. ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಿಂದ ಮುಕ್ಕಾಲು ಗಂಟೆ, ಕಾಡು ತುಂಬಿದ ಬೆಟ್ಟ ಹತ್ತಿ ಇಳಿದರೆ ಮರಾಕಸ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಕಡಿದ ರಸ್ತೆ ಅದು. ಮೇಲಿನ ತಿರುವಿನಲ್ಲಿ ಗಾಡಿ ನಿಲ್ಲಿಸಿ ‘ಚೌ’ ಕೊಳ್ಳಿ. ಅನಾನಸ್ ಇಲ್ಲವೇ ಮಾವಿನಕಾಯಿ ಹೋಳಿಗೆ ಉಪ್ಪು, ಖಾರ, ಬೆಳ್ಳುಳ್ಳಿ, ‘ಶ್ಯಾಡೊ ಬೆನಿ’ ಸೊಪ್ಪು ಬೆರೆಸಿದ್ದು. ಶ್ಯಾಡೊ ಬೆನಿ ಎಂದರೆ ಉದ್ದ ಎಲೆಯ, ಕೊತ್ತಂಬರಿಗಿಂತ ಗಾಢವಾದ ಪರಿಮಳದ ಸೊಪ್ಪು. ಮರಾಕಸ್ ಹೆಸರು ಮಾಡಿರುವುದು ‘ಬೇಕ್ ಆ್ಯಂಡ್ ಶಾರ್ಕ್’ಗೆ: ಕರಿದ ದಪ್ಪ ರೊಟ್ಟಿಯೊಳಗೆ ಕರಿದ ಶಾರ್ಕ್ ಮೀನು, ಮೇಲೆ ನಿಮಗೆ ಬೇಕಾದಷ್ಟು ಚಟ್ನಿ. ರಿಚರ್ಡ್ಸ್ ಎಂಬ ಅಂಗಡಿ ಪ್ರಸಿದ್ಧ. ಶಾರ್ಕ್ ಸಂತತಿ ಜಗತ್ತಿನಾದ್ಯಂತ ಕುಸಿಯುತ್ತಿದೆ, ಹಾಗಾಗಿ ನಾನದನ್ನು ತಿನ್ನುವುದಿಲ್ಲ. ನಿಮ್ಮವರೂ ಬೇರೆ ಮೀನಿನ ಬೇಕ್ ಕೇಳಲಿ ಎಂಬುದು ನನ್ನ ಮನವಿ. ಬೇಕ್ ಮತ್ತು ಮೀನನ್ನು ಒಂದೇ ಎಣ್ಣೆಯಲ್ಲಿ ಕರಿಯುವುದುಂಟು. ಆದ್ದರಿಂದ ಅತ್ತೆ–ಮಾವನಿಗೆ ಪೋರ್ಟ್ ಆಫ್ ಸ್ಪೇನ್‌ನಿಂದಲೇ ದಾಲ್‌ಪುರಿ ಕಟ್ಟಿಸಿಕೊಂಡು ಹೋಗಿ, ತೆಂಗಿನ ಮರದ ನೆರಳಲ್ಲಿ ಬಿಚ್ಚಿ.

ಮರಾಕಸ್‌ನ ಅಲೆಗೆ ಸೆಳೆತ ಹೆಚ್ಚು. ಜೀವರಕ್ಷಕರು ಕೆಂಪು ಬಾವುಟ ನೆಟ್ಟಿದ್ದರೆ ಮಕ್ಕಳು ಮೊಣಕಾಲಿನ ನೀರಿಗೂ ಇಳಿಯುವುದು ಬೇಡ. ಅಂಥ ದಿನ ಅದೇ ರಸ್ತೆಯಲ್ಲಿ ಸ್ವಲ್ಪ ಮುಂದಿರುವ ಲಾಸ್ ಕ್ವೇವಾಸ್ ನೋಡಿ. ನೀರು ಸಾಮಾನ್ಯವಾಗಿ ಶಾಂತ, ಜನ ಕಡಿಮೆ. ಸಂಜೆಯಾಗುತ್ತಿದ್ದಂತೆ ಅಲ್ಲಿ ಮರಳು ನೊಣ ಕಚ್ಚುತ್ತವೆ, ನಾಲ್ಕರೊಳಗೆ ಹೊರಟುಬಿಡಿ.

ಟೊಬೇಗೊದಲ್ಲಿ ಮೊದಲ ದಿನವೇ ಮಕ್ಕಳನ್ನು ಗಾಜಿನ ತಳದ ದೋಣಿ ಹತ್ತಿಸಿ. ಬುಕೂ ಹವಳದ ದಿಬ್ಬದ ಮೇಲೆ ಸಾಗಿ ದೋಣಿ ‘ನೈಲಾನ್ ಪೂಲ್’ನಲ್ಲಿ ನಿಲ್ಲುತ್ತದೆ. ದಡದಿಂದ ಅಷ್ಟು ದೂರ, ನಡುಗಡಲಿನಲ್ಲಿ ಬಿಳಿ ಮರಳು, ಸೊಂಟದ ಮಟ್ಟದ ನೀರು! ಆರು ವರ್ಷದ ಮಗುವನ್ನು ಮಾತ್ರ ತೋಳಿನಲ್ಲೇ ಹಿಡಿದುಕೊಳ್ಳಿ, ಲೈಫ್ ಜಾಕೆಟ್ ತೆಗೆಯಬೇಡಿ. ಹವಳದ ಮೇಲೆ ಯಾರೂ ಕಾಲಿಡಬಾರದು. ಅದು ಕಲ್ಲಲ್ಲ, ಜೀವ. ಪಿಜನ್ ಪಾಯಿಂಟ್‌ಗೆ ಪ್ರವೇಶ ಶುಲ್ಕವಿದೆ, ಆದರೆ ವಯಸ್ಸಾದವರಿಗೆ ನೆರಳು, ಶೌಚಾಲಯ, ಸಮತಟ್ಟಾದ ಮರಳು ಎಲ್ಲ ಒಟ್ಟಿಗೆ ಸಿಗುವ ಜಾಗ ಅದು. ಪಕ್ಕದ ಸ್ಟೋರ್ ಬೇಯಲ್ಲಿ ಹೆಂಗಸರು ನಡೆಸುವ ಊಟದ ಅಂಗಡಿಗಳು ಸಾಲಾಗಿವೆ. ಏಡಿ ಮತ್ತು ಹಿಟ್ಟಿನ ಕಡುಬು ಅಲ್ಲಿನ ಖ್ಯಾತಿ. ಟೊಬೇಗೊದ ಬಹುಪಾಲು ಜನ ಆಫ್ರಿಕಾ ಮೂಲದವರು, ರೋಟಿ ಅಂಗಡಿ ಟ್ರಿನಿಡಾಡ್‌ನಷ್ಟಿಲ್ಲ. ತರಕಾರಿ ರೋಟಿ, ‘ಪ್ರಾವಿಷನ್’ ಎನ್ನುವ ಬೇಯಿಸಿದ ಗಡ್ಡೆಗೆಣಸು ಕೇಳಿ. ರಾಸ್ತಾಫರಿ ಪಂಥದವರ ‘ಐಟಲ್’ ಅಡುಗೆ ಎಂದು ಬರೆದಿದ್ದರೆ ಒಳಗೆ ಹೋಗಿ, ಸಾಮಾನ್ಯವಾಗಿ ಮಾಂಸ ಇರುವುದಿಲ್ಲ, ಮೀನಿದೆಯೇ ಎಂದು ಮಾತ್ರ ಕೇಳಿಕೊಳ್ಳಿ. ಉಪ್ಪು ಕಡಿಮೆ ಎನ್ನಿಸಬಹುದು. ನಿಮ್ಮ ದಿನಗಳು ಈಸ್ಟರ್ ಮುಗಿದ ಮಂಗಳವಾರಕ್ಕೆ ಹೊಂದಿದರೆ ಬುಕೂ ಊರಿನ ಮೇಕೆ ಓಟ ತಪ್ಪಿಸಬೇಡಿ. ಓಡಿಸುವವರೂ ಮೇಕೆಯ ಹಿಂದೆ ಹಗ್ಗ ಹಿಡಿದು ಓಡುತ್ತಾರೆ.

ಸೂಟ್‌ಕೇಸಿನ ಬಗ್ಗೆಯೂ ಒಂದು ಮಾತು. ಸೈನಿಕರ ಹಸಿರು–ಕಂದು ಮಚ್ಚೆಯ ಬಟ್ಟೆ ಆ ದೇಶದಲ್ಲಿ ಕಾನೂನುಬಾಹಿರ. ಮಕ್ಕಳ ಟೋಪಿ, ಚಡ್ಡಿಯೂ ಆ ಬಗೆಯದು ಬೇಡ.

ಪ್ರಶ್ನೆ: ನಾನು ಮಲ್ಪೆ ಕಡೆಯವನು, ಚಿಕ್ಕಂದಿನಿಂದ ಕಡಲಲ್ಲಿ ಈಜಿದವನು. ಜನಜಂಗುಳಿಯಿಲ್ಲದ ಮಯಾರೊ, ಮಂಜನಿಲ್ಲಾ ತೀರಗಳಿಗೆ ಹೋಗಬೇಕೆಂದಿದ್ದೇನೆ. ಮೀನಿನ ಊಟ ಎಲ್ಲಿ ಚೆನ್ನ?

ಉತ್ತರ: ಮಯಾರೊ, ಮಂಜನಿಲ್ಲಾ ನೋಡಲು ಹೋಗಿ, ಈಜಲು ಬೇಡ. ಅವು ಟ್ರಿನಿಡಾಡ್‌ನ ಪೂರ್ವ ಕರಾವಳಿಯವು, ಅಟ್ಲಾಂಟಿಕ್ ಸಾಗರಕ್ಕೆ ನೇರ ಎದೆಯೊಡ್ಡಿದವು. ರಸ್ತೆಯುದ್ದಕ್ಕೂ ತೆಂಗಿನ ತೋಪು, ಎದುರಿಗೆ ಮುಗಿಯದ ಮರಳು. ನಿಮ್ಮ ಊರೇ ನೆನಪಾಗುತ್ತದೆ, ಅಪಾಯವಿರುವುದೂ ಅಲ್ಲೇ. ಮಳೆಗಾಲದಲ್ಲಿ ಮಲ್ಪೆಯ ಕಡಲಿಗೆ ನೀವು ಎಷ್ಟು ಮರ್ಯಾದೆ ಕೊಡುತ್ತೀರೋ ಅಷ್ಟನ್ನು ಅಲ್ಲಿ ವರ್ಷವಿಡೀ ಕೊಡಬೇಕು. ಕೆಲವು ತಿಂಗಳು ಸರ್ಗಾಸಮ್ ಎಂಬ ಕಂದು ಕಡಲಕಳೆ ಆ ದಡಕ್ಕೆ ರಾಶಿಯಾಗಿ ಬಂದು ಕೊಳೆತು ನಾರುತ್ತದೆ. 2011ರಿಂದೀಚೆಗೆ ಇದು ಕೆರಿಬಿಯನ್ನಿಗೆಲ್ಲ ದೊಡ್ಡ ತಲೆನೋವು.

ನಿಮಗೆ ಟೊಬೇಗೊದ ವಾಯವ್ಯ ದಡ ಹೇಳಿ ಮಾಡಿಸಿದ್ದು. ಇಂಗ್ಲಿಷ್‌ಮನ್ಸ್ ಬೇಯಲ್ಲಿ ಕಾಡು ನೇರ ಮರಳಿಗೆ ಇಳಿದುಬಂದಿದೆ. ಕಸ್ತಾರಾ ಇನ್ನೂ ಮೀನುಗಾರರ ಊರು, ದಡದಿಂದ ಬಲೆ ಎಳೆಯುವಾಗ ನೀವೂ ಕೈಹಚ್ಚಬಹುದು. ನಿಮ್ಮ ಎಳೆಯುವ ಪಟ್ಟು ನೋಡಿದರೆ ಮೀನುಗಾರನೆಂದು ಅವರಿಗೆ ತಿಳಿದುಬಿಡುತ್ತದೆ. ಅಲ್ಲಿ ಮಣ್ಣಿನ ಒಲೆಯಲ್ಲಿ ಬ್ರೆಡ್ ಸುಡುತ್ತಾರೆ, ಬಿಸಿ ಇರುವಾಗಲೇ ಕೊಳ್ಳಿ. ಊಟಕ್ಕೆ ‘ಕಿಂಗ್‌ಫಿಶ್’ ಅಥವಾ ‘ಕರೀಟ್’ ಕೇಳಿ. ಎರಡೂ ನಮ್ಮ ಅಂಜಲಿನ ದಾಯಾದಿಗಳು, ಒಂದೇ ಕುಲದ ಬೇರೆ ಜಾತಿಗಳು. ಮಸಾಲೆ ಮಾತ್ರ ಬೇರೆ: ಕೆಂಪು ಮೆಣಸಿನ ಬದಲು ಶ್ಯಾಡೊ ಬೆನಿ, ನಿಂಬೆ, ಬೆಳ್ಳುಳ್ಳಿ ಅರೆದ ಹಸಿರು ಮಸಾಲೆ. ದಡದಲ್ಲಿ ಪುಟ್ಟ ಹಸಿರು ಸೇಬಿನಂಥ ಕಾಯಿ ಬಿಡುವ ಮ್ಯಾಂಚಿನೀಲ್ ಮರ ಕಂಡರೆ ದೂರವಿರಿ. ಕಾಯಿ ವಿಷ, ಮಳೆಯಲ್ಲಿ ಅದರಡಿ ನಿಂತರೆ ತೊಟ್ಟಿಕ್ಕುವ ನೀರಿಗೇ ಮೈ ಬೊಬ್ಬೆ ಬರುತ್ತದೆ.

ಪ್ರಶ್ನೆ: ಮಕ್ಕಳಿಗೆ ಕಡಲಾಮೆ ತೋರಿಸಬಹುದೇ?

ಉತ್ತರ: ಖಂಡಿತ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಲೆದರ್‌ಬ್ಯಾಕ್ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಟ್ರಿನಿಡಾಡ್‌ನ ಮಟೂರಾ ಮತ್ತು ಗ್ರಾಂಡ್ ರಿವಿಯೇರ್ ತೀರಗಳಿಗೆ ರಾತ್ರಿ ಹೋಗಲು ಪರವಾನಗಿ, ಜೊತೆಗೆ ಸ್ಥಳೀಯ ಮಾರ್ಗದರ್ಶಿ ಬೇಕು. ಟಾರ್ಚ್, ಮೊಬೈಲ್ ಬೆಳಕು, ಫ್ಲ್ಯಾಶ್ ಬೇಡ. ಬೆಳಕು ಕಂಡ ಆಮೆ ಮೊಟ್ಟೆಯಿಡದೆ ಹಿಂದಿರುಗಬಹುದು. ಗ್ರಾಂಡ್ ರಿವಿಯೇರ್ ದೂರ, ಅಲ್ಲೇ ರಾತ್ರಿ ಉಳಿದುಕೊಳ್ಳಿ.

ಪ್ರಶ್ನೆ: ಟ್ರಿನಿಡಾಡ್‌ನಲ್ಲಿ ನಮ್ಮ ಮೈಸೂರಿನ ಆಶ್ರಮದವರ ದೊಡ್ಡ ಹನುಮಂತ ಇದೆ ಎಂದು ಕೇಳಿದ್ದೇನೆ. ಅದನ್ನೂ, ಕ್ರಿಕೆಟ್ ಮೈದಾನವನ್ನೂ ಒಂದೇ ದಿನ ನೋಡಬಹುದೇ?

ಉತ್ತರ: ನೀವು ಕೇಳಿದ್ದು ನಿಜ. ಕಾರಾಪಿಚೈಮಾದಲ್ಲಿರುವ 85 ಅಡಿಯ ಹನುಮಂತ ಮೈಸೂರಿನ ಅವಧೂತ ದತ್ತಪೀಠದ ಪರಂಪರೆಗೆ ಸೇರಿದ ಕ್ಷೇತ್ರದ್ದು. ಬೆಳಿಗ್ಗೆ ರಾಜಧಾನಿಯ ಕ್ವೀನ್ಸ್ ಪಾರ್ಕ್ ಓವಲ್ ನೋಡಿ ಹೊರಡಿ. 1976ರಲ್ಲಿ ಭಾರತ 403 ರನ್ ಗುರಿ ಬೆನ್ನಟ್ಟಿ 4 ವಿಕೆಟ್‌ಗೆ 406 ಹೊಡೆದು ಗೆದ್ದದ್ದು ಅಲ್ಲೇ. ನಮ್ಮ ಜಿ.ಆರ್. ವಿಶ್ವನಾಥ್ ಅಂದು 112 ಹೊಡೆದರು, ಬ್ರಿಜೇಶ್ ಪಟೇಲ್ 49 ಗಳಿಸಿ ಅಜೇಯರಾಗಿ ಉಳಿದರು.

ಹನುಮಂತನಿಂದ ಕೆಲವೇ ನಿಮಿಷದ ದಾರಿ ವಾಟರ್‌ಲೂ. ಅಲ್ಲಿ ಸೇವದಾಸ್ ಸಾಧು ಎಂಬ ತೋಟದ ಕೂಲಿಯಾಳು ಸಕ್ಕರೆ ಕಂಪನಿಯ ಜಾಗದಲ್ಲಿ ಗುಡಿ ಕಟ್ಟಿದರು. 1952ರಲ್ಲಿ ಅದನ್ನು ಕೆಡವಿದ್ದಲ್ಲದೆ ಅವರನ್ನು ಜೈಲಿಗೂ ಹಾಕಿದರು. ನೆಲ ನಿಮ್ಮದಾದರೆ ಸಮುದ್ರ ಯಾರ ಸ್ವತ್ತೂ ಅಲ್ಲವಲ್ಲ ಎಂದು, ಹೊರಬಂದ ಮನುಷ್ಯ ಕಲ್ಲು–ಸಿಮೆಂಟನ್ನು ಸೈಕಲ್ಲಿನಲ್ಲಿ ಹೇರಿಕೊಂಡು ಹೋಗಿ ಕಡಲೊಳಗೇ ಗುಡಿ ಎಬ್ಬಿಸಿದರು. ಈಗಿರುವುದು 1995ರಲ್ಲಿ ಮತ್ತೆ ಕಟ್ಟಿದ್ದು. ಊಟಕ್ಕೆ ದಕ್ಷಿಣದ ಡೆಬೆ ಊರಿಗೆ ಹೋಗಿ. ರಸ್ತೆ ಬದಿಯ ಸಾಲು ಅಂಗಡಿಗಳಲ್ಲಿ ಸಹೀನಾ, ‘ಫುಲೌರಿ’ ಎಂಬ ಬೇಳೆ ಹಿಟ್ಟಿನ ಬೋಂಡಾ, ಆಲೂ ಪೈ ಬಿಸಿಬಿಸಿಯಾಗಿ ಸಿಗುತ್ತವೆ. ಹೊಟ್ಟೆ ತುಂಬಿದ ಮೇಲೂ ನಾಲ್ಕು ಸಹೀನಾ ಕಟ್ಟಿಸಿಕೊಂಡು, ಸೂರ್ಯ ಇಳಿಯುವ ಹೊತ್ತಿಗೆ ವಾಟರ್‌ಲೂಗೆ ತಲುಪುವಂತೆ ಹೊರಡಿ. ಆ ಗುಡಿ ಪಶ್ಚಿಮದ ಕೊಲ್ಲಿಯಲ್ಲಿದೆ.