ನೀರಿನ ಪ್ರಶ್ನೆಗೆ ನಾನು ಬರೆದ ಐದು ಪುಟ

ಜೀವಶಾಸ್ತ್ರದ ದೊಡ್ಡ ಪ್ರಶ್ನೆಗಳಿಗಾಗಿ ಯಾವ ಯಾವ ಪ್ರಬಂಧಗಳನ್ನು ಬಾಯಿಪಾಠ ಮಾಡಬೇಕು, ಎಷ್ಟು ಪುಟ ಬರೆದರೆ ಪೂರ್ಣ ಅಂಕ ಸಿಗುತ್ತದೆ ಎಂದು ಕೇಳಿದ್ದೀರಿ. ಮಡಿಕೇರಿಯಲ್ಲಿ ಪ್ರಥಮ ಪಿಯುಸಿ ಓದುವಾಗ ನನ್ನ ತಲೆಯಲ್ಲಿದ್ದದ್ದೂ ಇವೇ ಎರಡು ಪ್ರಶ್ನೆಗಳು.

ವಾರ್ಷಿಕ ಪರೀಕ್ಷೆಗೆ ಮೊದಲು ಕಾಲೇಜಿನಲ್ಲಿ ನಡೆದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 10 ಅಂಕಗಳ ಒಂದು ಪ್ರಶ್ನೆಯಿತ್ತು. ಅದನ್ನು ಕನ್ನಡದಲ್ಲಿ ಹೇಳುವುದಾದರೆ, ‘ಜೀವಿಗಳ ಬದುಕಿನಲ್ಲಿ ನೀರಿನ ಪಾತ್ರವನ್ನು ವಿವರಿಸಿ’. ಪ್ರಶ್ನೆಯನ್ನು ನೋಡಿದೊಡನೆ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ದ್ಯುತಿಸಂಶ್ಲೇಷಣೆಯ ಅಧ್ಯಾಯವನ್ನು ನಾನು ಅಕ್ಷರ ಬಿಡದೆ ಓದಿಕೊಂಡಿದ್ದೆ ಮತ್ತು ಅದರಲ್ಲಿ ನೀರು ಒಡೆಯುವ ಕ್ರಿಯೆ ಬರುತ್ತದೆ ಎಂಬುದು ಒಡನೆಯೇ ನೆನಪಾಯಿತು. ಅಲ್ಲಿಂದಲೇ ಬರೆಯತೊಡಗಿದೆ. ಐದು ಪುಟಗಳಾದವು. ಬಂದದ್ದು 3 ಅಂಕ.

ಆ ತಪ್ಪು ಎಲ್ಲಿ ಆಯಿತೆಂಬುದನ್ನು ನಾನು ವಿವರವಾಗಿಯೇ ಹೇಳಬೇಕು, ಏಕೆಂದರೆ ಅದು ನಡೆಯುವಾಗ ತಪ್ಪೆಂದು ಅನ್ನಿಸುವುದೇ ಇಲ್ಲ. ಮೊದಲ ಪುಟ ಸರಿಯಾಗಿಯೇ ಇತ್ತು. ನೀರಿನ ಅಣು ಒಡೆದು ಎಲೆಕ್ಟ್ರಾನು ಒದಗುತ್ತದೆ, ನಾವು ಉಸಿರಾಡುವ ಆಮ್ಲಜನಕ ಬರುವುದು ಇಂಗಾಲದ ಡೈಆಕ್ಸೈಡಿನಿಂದಲ್ಲ, ನೀರಿನಿಂದ ಎಂದು ಬರೆದಿದ್ದೆ. ಆದರೆ ಎಲೆಕ್ಟ್ರಾನು ಎಲ್ಲಿಗೆ ಹೋಗುತ್ತದೆ ಎಂದು ಹೇಳಹೊರಟು ಪತ್ರಹರಿತ್ತಿನ ಬಗೆಗಳನ್ನು ಬರೆದೆ, ಅದರಿಂದ ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣುವಾದ ಎಟಿಪಿಗೆ ಬಂದೆ, ಎಟಿಪಿ ಬಳಕೆಯಾಗುವುದು ಸಸ್ಯ ಸಕ್ಕರೆ ತಯಾರಿಸುವ ಕ್ಯಾಲ್ವಿನ್ ಚಕ್ರದಲ್ಲಿ ಎಂದು ಅದನ್ನೂ ಚಿತ್ರಸಹಿತ ಬರೆದೆ, ಕೊನೆಗೆ ಇಂಗಾಲದ ಡೈಆಕ್ಸೈಡನ್ನು ಬೇರೆ ಬಗೆಯಲ್ಲಿ ಹಿಡಿಯುವ ಕಬ್ಬು ಮತ್ತು ಜೋಳದಂಥ ಸಿ4 ಸಸ್ಯಗಳನ್ನೂ ಸೇರಿಸಿದೆ. ಪ್ರತಿಯೊಂದು ವಾಕ್ಯವೂ ಅದರ ಹಿಂದಿನ ವಾಕ್ಯಕ್ಕೆ ಸರಿಯಾಗಿ ಹೊಂದುತ್ತಿತ್ತು, ಪ್ರಶ್ನೆಗೆ ಮಾತ್ರ ಹೊಂದುತ್ತಿರಲಿಲ್ಲ. ಉತ್ತರಪತ್ರಿಕೆ ಕೈಗೆ ಬಂದ ಮೇಲೆ ನೋಡಿದರೆ ಎರಡನೆಯ ಪುಟದ ನಡುವಿನಿಂದ ಕೊನೆಯವರೆಗೆ ‘ನೀರು’ ಎಂಬ ಪದ ಒಮ್ಮೆಯೂ ಇರಲಿಲ್ಲ. ನಮ್ಮ ಮೇಡಂ ಅಂಚಿನಲ್ಲಿ ಉದ್ದಕ್ಕೆ ಕೆಂಪು ಗೆರೆ ಎಳೆದು, ‘ಸಸ್ಯಗಳು ಮಾತ್ರವೇ ಜೀವಿಗಳೇ?’ ಎಂದು ಬರೆದಿದ್ದರು.

ಕಳೆದದ್ದು ಆ 7 ಅಂಕಗಳಷ್ಟೇ ಅಲ್ಲ. ಮೂರು ಗಂಟೆಯಲ್ಲಿ 70 ಅಂಕಗಳಿಗೆ ಬರೆಯುವಾಗ ಒಂದು ಅಂಕಕ್ಕೆ ಸುಮಾರು ಎರಡೂವರೆ ನಿಮಿಷ ಸಿಗುತ್ತದೆ. 10 ಅಂಕಗಳ ಪ್ರಶ್ನೆಗೆ 25 ನಿಮಿಷ. ನಾನು ಅದಕ್ಕೆ ಒಂದು ಗಂಟೆಗೆ ಹತ್ತಿರ ಕೊಟ್ಟಿದ್ದರಿಂದ ಚೆನ್ನಾಗಿ ಗೊತ್ತಿದ್ದ ಎರಡು ಪ್ರಶ್ನೆಗಳು ಹಾಗೆಯೇ ಉಳಿದವು.

ಮೇಡಂ ನನ್ನನ್ನು ಕರೆದು ಬೈಯಲಿಲ್ಲ. ಒಂದು ಹಾಳೆ ಕೊಟ್ಟು, ‘ನೀರಿನ ಗುಣಗಳನ್ನು ಒಂದು ಕಡೆ ಬರೆಯಿರಿ, ಆ ಗುಣದಿಂದ ಬದುಕುವ ಜೀವಿಯನ್ನು ಅದರ ಎದುರಿಗೆ ಬರೆಯಿರಿ’ ಎಂದರು. ಹೈಡ್ರೋಜನ್ ಬಂಧದಿಂದ ನೀರಿನ ಅಣುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆದ್ದರಿಂದಲೇ ಎತ್ತರದ ಮರದ ಕ್ಸೈಲಮ್ ನಾಳಗಳಲ್ಲಿ ನೀರಿನ ಎಳೆ ತುಂಡಾಗದೆ ಮೇಲೇರುತ್ತದೆ. ನೀರು ಅನೇಕ ವಸ್ತುಗಳನ್ನು ಕರಗಿಸಿಕೊಳ್ಳುತ್ತದೆ. ಆದ್ದರಿಂದ ರಕ್ತ ಆಹಾರವನ್ನು ಹೊರುತ್ತದೆ, ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರು ಸೋಸಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಡುತ್ತವೆ. ಆವಿಯಾಗಲು ನೀರಿಗೆ ಬಹಳ ಶಾಖ ಬೇಕು. ಆದ್ದರಿಂದ ಬೆವರು ಮೈಯನ್ನು ತಣಿಸುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಯ ಗೋಡೆಯ ಮೇಲೆ ಹಸಿರಾಗಿ ಹಬ್ಬುವ ಹಾವಸೆಯ ಗಂಡು ಲಿಂಗಾಣು ಅಂಡಾಣುವನ್ನು ತಲುಪಬೇಕಾದರೆ ನೀರಿನಲ್ಲಿ ಈಜಿಯೇ ಹೋಗಬೇಕು. ಇಷ್ಟನ್ನು ಬರೆಯಲು ನನಗೆ ಹತ್ತು ನಿಮಿಷ ಸಾಕಾಯಿತು. ಎಲ್ಲವೂ ನಾನು ಓದಿದ್ದೇ ಆಗಿತ್ತು, ಆದರೆ ಬೇರೆ ಬೇರೆ ಅಧ್ಯಾಯಗಳಲ್ಲಿ ಇತ್ತು.

ಆ ಮಾರ್ಚಿನಲ್ಲಿ ಅಪ್ಪ ದಿನವೂ ತೋಟದ ಅಂಚಿನಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಕಾಫಿಯ ಮೊಗ್ಗುಗಳು ಒಣಹವೆಯಲ್ಲಿ ಮುದುಡಿ ಕಾದಿರುತ್ತವೆ. ಹೂಮಳೆ ಬಿದ್ದ 8-10 ದಿನಗಳಲ್ಲಿ ತೋಟವೆಲ್ಲ ಒಟ್ಟಿಗೆ ಬೆಳ್ಳಗಾಗುತ್ತದೆ. ಚಿಕ್ಕಂದಿನಿಂದ ಕಂಡಿದ್ದ ಈ ಸಂಗತಿಯೂ ನೀರಿನ ಪಾತ್ರವೇ ಎಂದು ಪರೀಕ್ಷೆಯ ಕೊಠಡಿಯಲ್ಲಿ ನನಗೆ ಹೊಳೆದಿರಲಿಲ್ಲ. ಕೊಡಗಿನ ಮಕ್ಕಳು ಇಂಥ ಉದಾಹರಣೆಗಳನ್ನು ಸಂಕೋಚವಿಲ್ಲದೆ ಬರೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ; ಕಾರಣಸಹಿತ ಬರೆದರೆ ಅದು ಪಠ್ಯದ ಉದಾಹರಣೆಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ.

ಹೀಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬಾಯಿಪಾಠ ಮಾಡಿದ ಪ್ರಬಂಧವೇ ನನ್ನನ್ನು ಕೆಡಿಸಿತು, ಏಕೆಂದರೆ ಅದು ಒಂದು ಅಧ್ಯಾಯದ ಉತ್ತರವಾಗಿರುತ್ತದೆ. ವಿಶಾಲವಾದ ಪ್ರಶ್ನೆ ಕೇಳುವುದು ಹಲವು ಅಧ್ಯಾಯಗಳಿಂದ ಒಂದೇ ಎಳೆಯನ್ನು ಆರಿಸಿ ತೆಗೆಯುವ ಕೆಲಸವನ್ನು. ಪುಟಗಳ ಲೆಕ್ಕವನ್ನು ಬಿಟ್ಟುಬಿಡಿ. ಪ್ರಶ್ನೆಯ ಮುಖ್ಯ ಪದಕ್ಕೆ ಅಡಿಗೆರೆ ಎಳೆದು, ಉತ್ತರಪತ್ರಿಕೆಯ ಕೊನೆಯ ಪುಟದಲ್ಲಿ ನಾಲ್ಕು ನಿಮಿಷ ಯೋಜನೆ ಬರೆಯಿರಿ: ಸಸ್ಯ, ಪ್ರಾಣಿ, ಜೀವಕೋಶ, ಪರಿಸರ, ಇವುಗಳಲ್ಲಿ ಯಾವುದೂ ಬಿಟ್ಟುಹೋಗದಿರಲಿ. ಪ್ರತಿ ಪ್ಯಾರಾ ಮುಗಿದಾಗ ಆ ಅಡಿಗೆರೆಯ ಪದ ಅದರಲ್ಲಿದೆಯೇ ಎಂದು ಹಿಂದಿರುಗಿ ನೋಡಿ. ಇಲ್ಲದಿದ್ದರೆ ಎಷ್ಟೇ ಚೆಂದದ ವಿಷಯವಾಗಿದ್ದರೂ ಅಲ್ಲಿಗೆ ನಿಲ್ಲಿಸಿ.

ಮಾದರಿ ಉತ್ತರಗಳ ಪುಸ್ತಕ ಕೊಳ್ಳುವ ಮೊದಲು ಒಂದು ಪ್ರಶ್ನೆಗೆ ಬರೀ ಯೋಜನೆಯನ್ನು ಬರೆದು ನೋಡಿ: ‘ಜೀವಿಗಳಲ್ಲಿ ಮೇಲ್ಮೈ ವಿಸ್ತಾರದ ಮಹತ್ವ’. ಶ್ವಾಸಕೋಶದ ಗಾಳಿಚೀಲ, ಸಣ್ಣ ಕರುಳಿನ ಒಳಗೋಡೆಯಲ್ಲಿ ಬೆರಳಿನಂತೆ ಚಾಚಿರುವ ವಿಲ್ಲೈ, ಬೇರುರೋಮ, ಮೈಟೋಕಾಂಡ್ರಿಯದ ಒಳಪೊರೆಯ ಮಡಿಕೆ, ಈ ನಾಲ್ಕೂ ನಿಮಗೆ ಈಗಾಗಲೇ ಗೊತ್ತಿವೆ.