ಡಿಜೆ ಮೆರವಣಿಗೆ ಮುಗಿದರೂ ನಿಲ್ಲದ ಕಿವಿಮೊರೆತ: ಒಂದು ಆಪ್ತಸಲಹೆ ಪ್ರಕರಣ

27 ವರ್ಷದ ಯುವಕ, ವಾಹನ ಮಳಿಗೆಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ಗಣೇಶ ವಿಸರ್ಜನೆಯ ರಾತ್ರಿ ಡಿಜೆ ಲಾರಿಯ ಬೆನ್ನಿಗೇ ನಾಲ್ಕು ಗಂಟೆ ಕುಣಿದಿದ್ದರು. ಮನೆ ಸೇರಿದಾಗ ಎರಡೂ ಕಿವಿ ಮುಚ್ಚಿಕೊಂಡಂತಿತ್ತು. ಆ ಮಂಕು ಎರಡು ದಿನದಲ್ಲಿ ಇಳಿಯಿತು, ಸೀಟಿಯಂಥ ಸದ್ದು ಮಾತ್ರ ಉಳಿಯಿತು. ಒಂಬತ್ತನೆಯ ದಿನ ಅಕ್ಕನ ಜೊತೆ ಬಂದರು.

"ಹಗಲು ಹೆಂಗೋ ಕಳೀತದೆ ಮೇಡಂ. ಎಲ್ಲಾರೂ ಮಲಗಿದ ಮೇಲೆ ಕುಯ್ಯೋ ಅಂತ ಶುರುವಾಗ್ತದೆ. ಇದು ಹೋಗ್ತದಾ ಇಲ್ವಾ, ಅಷ್ಟು ಹೇಳಿಬಿಡಿ."

ಆ ಒಂಬತ್ತು ದಿನಗಳಲ್ಲಿ ಮನೆಯವರು ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ಕಿವಿಗೆ ಬಿಟ್ಟಿದ್ದರು. ಇನ್ನಷ್ಟು ಪೆಟ್ಟಾಗದಿರಲಿ ಎಂದು ಇವರು ಹಗಲೆಲ್ಲ ಕಿವಿಯಲ್ಲಿ ಹತ್ತಿ ಇಟ್ಟುಕೊಳ್ಳುತ್ತಿದ್ದರು. ಸದ್ದು ಕಡಿಮೆಯಾಯಿತೇ ಎಂದು ನೋಡಲು ರಾತ್ರಿ ಫ್ಯಾನ್ ಆರಿಸಿ ಗಮನವಿಟ್ಟು ಕೇಳುತ್ತಿದ್ದರು, ಗಂಟೆಗೆ ನಾಲ್ಕೈದು ಸಲ. ನಿದ್ದೆ ಎರಡು-ಮೂರು ಗಂಟೆಗೆ ಇಳಿದಿತ್ತು.

ಸಲಹೆಯ ಮಾತಿಗೆ ಮುಂಚೆ ಕಿವಿಯ ಪರೀಕ್ಷೆ ಆಗಲೇಬೇಕು. ಜೋರು ಸದ್ದಿನ ಬಳಿಕ ಒಂದು ಕಿವಿ ಪೂರ್ತಿ ಮಂಕಾದರೆ, ತಲೆ ಸುತ್ತಿದರೆ, ಕಿವಿಯಿಂದ ರಕ್ತ ಅಥವಾ ನೀರು ಬಂದರೆ, ಸದ್ದು ನಾಡಿಯ ಬಡಿತದ ಲಯದಲ್ಲೇ ಕೇಳಿದರೆ, ಮುಖದ ಒಂದು ಭಾಗ ಸೋತಂತಾದರೆ ಅದು ಅದೇ ದಿನ ಕಿವಿ-ಮೂಗು-ಗಂಟಲು ವೈದ್ಯರ ಕೆಲಸ. ದಿಢೀರ್ ಶ್ರವಣ ನಷ್ಟಕ್ಕೆ ವೈದ್ಯರು ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರದೊಳಗೆ ಶುರುವಾದರೆ ಫಲ ಸಿಗುವ ಸಾಧ್ಯತೆ ಹೆಚ್ಚು. "ತಾನಾಗಿ ಸರಿಹೋಗುತ್ತೆ, ನೋಡೋಣ" ಎನ್ನುತ್ತ ತಿಂಗಳು ಕಳೆದು ಬರುವವರನ್ನು ಕಂಡಾಗ ಸಂಕಟವಾಗುತ್ತದೆ. ಈ ಯುವಕನಲ್ಲಿ ಅಂಥ ಲಕ್ಷಣ ಇರಲಿಲ್ಲ. ಆಡಿಯೋಗ್ರಾಂನಲ್ಲಿ, ಅಂದರೆ ಯಾವ ಸ್ಥಾಯಿಯ ಸದ್ದು ಎಷ್ಟು ಕೇಳುತ್ತದೆಂದು ತೋರಿಸುವ ನಕ್ಷೆಯಲ್ಲಿ, 4000 ಹರ್ಟ್ಸ್‌ನ ಕೀರಲು ಸದ್ದಿನ ಬಳಿ ಮಾತ್ರ ಕುಸಿತ ಕಂಡಿತು: ಎಡಗಿವಿಯಲ್ಲಿ 35 ಡೆಸಿಬೆಲ್, ಬಲಗಿವಿಯಲ್ಲಿ 25. 8000ದಲ್ಲಿ ಗೆರೆ ಮತ್ತೆ ಮೇಲೇರಿತ್ತು. ಸದ್ದಿನಿಂದಾದ ಪೆಟ್ಟಿಗೆ ಇದೇ ಗುರುತು. ಕಿವಿಯ ತಮಟೆ ಅಖಂಡವಾಗಿತ್ತು, ಎಣ್ಣೆಯಿಂದ ಕಿವಿಯ ಕೊಳವೆ ಮಾತ್ರ ಕೆಂಪಾಗಿತ್ತು. ಎಣ್ಣೆ ತಮಟೆಯನ್ನು ದಾಟಿ ಒಳಗಿವಿಗೆ ಹೋಗುವುದೇ ಇಲ್ಲ. ತಮಟೆಯಲ್ಲಿ ತೂತಿದ್ದರೆ ಸೋಂಕು, ಬಿಸಿ ಹೆಚ್ಚಾದರೆ ಸುಟ್ಟಗಾಯ. ಇದನ್ನು ಅಕ್ಕನಿಗೆ ವಿವರಿಸಿ, ಮನೆಯಲ್ಲಿ ಯಾರ ಮೇಲೂ ತಪ್ಪು ಹೊರಿಸದೆ ಎಣ್ಣೆ ನಿಲ್ಲಿಸಲು ಹೇಳಲಾಯಿತು.

25 ಪ್ರಶ್ನೆಗಳ ಕಿವಿಮೊರೆತ ಪ್ರಶ್ನಾವಳಿಯಲ್ಲಿ ನೂರಕ್ಕೆ 62 ಅಂಕ ಬಂತು, ಅಂದರೆ ತೀವ್ರ ಕಾಟ. ಸಾಯುವ ಯೋಚನೆ ಬರುತ್ತದೆಯೇ ಎಂದು ಸುತ್ತುಬಳಸದೆ ಕೇಳಲಾಯಿತು, ಇಲ್ಲ ಎಂದರು. ಇಂಥ ಪ್ರಕರಣಗಳಲ್ಲಿ ಈ ಪ್ರಶ್ನೆ ಬಿಡಬಾರದು. ಹಾಗನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು ಎಂಬುದನ್ನೂ ಬರೆದುಕೊಡಲಾಯಿತು.

ಆಮೇಲೆ ಕಾರಣ ತಿಳಿಸುವ ಕೆಲಸ. ಕಾರಣ ಗೊತ್ತಾದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು ಎಂಬ ಲೆಕ್ಕದಲ್ಲಿ ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧವಾಗುತ್ತದೆ. 100ಕ್ಕೆ ಉಳಿಯುವುದು 15 ನಿಮಿಷ. ಡಿಜೆ ಎದುರು 100 ದಾಟುವುದು ಮಾಮೂಲು, ಹಾಗಾಗಿ ನಾಲ್ಕು ಗಂಟೆಯಲ್ಲಿ ಇವರ ಕಿವಿಗೆ ಬಿದ್ದದ್ದು ಕನಿಷ್ಠ ಹದಿನಾರು ದಿನದ ಪಾಲು. ಸದ್ದನ್ನು ಹಿಡಿದು ಮೆದುಳಿಗೆ ಮುಟ್ಟಿಸುವ ಒಳಗಿವಿಯ ಕೂದಲುಕೋಶಗಳು ದಣಿದರೆ ಗಂಟೆಗಳಲ್ಲೋ ದಿನಗಳಲ್ಲೋ ಚೇತರಿಸಿಕೊಳ್ಳುತ್ತವೆ, ಸತ್ತವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆ ಭಾಗದಿಂದ ಸುದ್ದಿ ಬರುವುದು ಕಡಿಮೆಯಾದಾಗ ಮೆದುಳು ತನ್ನ ಗ್ರಹಿಸುವ ಶಕ್ತಿಯನ್ನು ಏರಿಸಿಕೊಳ್ಳುತ್ತದೆ. ದೂರದ ಸ್ಟೇಷನ್ ಸಿಗದಿದ್ದಾಗ ರೇಡಿಯೋದ ವಾಲ್ಯೂಮ್ ಏರಿಸಿದರೆ ಬರೀ ಗೊರಗೊರ ಜೋರಾಗುವಂತೆ, ಆಗ ಒಳಗಿನ ಗದ್ದಲವೇ ಕೇಳತೊಡಗುತ್ತದೆ. ಅದನ್ನು ಅಪಾಯವೆಂದು ಎಣಿಸಿದ ಮನಸ್ಸು ಕಾವಲು ಕೂರುತ್ತದೆ, ಕಾವಲು ಕೂತಷ್ಟೂ ಸದ್ದು ಎದ್ದು ಕಾಣುತ್ತದೆ.

ಇಲ್ಲೇ ಹತ್ತಿಯ, ಆರಿಸಿದ ಫ್ಯಾನಿನ ಪಾತ್ರ ಬಯಲಾಯಿತು. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಕಿವಿ ಚೆನ್ನಾಗಿದ್ದ 80 ಮಂದಿಯನ್ನು ಸದ್ದು ನುಗ್ಗದ ಕೋಣೆಯಲ್ಲಿ ಕೂರಿಸಿದರು. ನೂರಕ್ಕೆ 94 ಮಂದಿಗೆ ಏನಾದರೊಂದು ಸದ್ದು ಕೇಳಿಸಿತು. ನಿಶ್ಶಬ್ದದಲ್ಲಿ ಪರೀಕ್ಷಿಸಿದರೆ ಯಾರಿಗೂ ಕೇಳುತ್ತದೆ. ಇವರು ಅದನ್ನು ದಿನವಿಡೀ ಮಾಡುತ್ತಿದ್ದರು.

ಕೊಟ್ಟ ಸಲಹೆಯಲ್ಲಿ ಮೊದಲನೆಯದು ಹತ್ತಿ ತೆಗೆಯುವುದು. ಮಿಕ್ಸಿ, ಗ್ರೈಂಡರ್, ಡ್ರಿಲ್ಲಿಂಗ್ ಸದ್ದಿನ ಹತ್ತಿರ ರಕ್ಷಣೆ ಸರಿ. ಮಾತುಕತೆ, ಟಿವಿ, ಬಸ್ಸಿನಲ್ಲಿ ಬೇಡ. ದಿನವಿಡೀ ಮುಚ್ಚಿದ ಕಿವಿಗೆ ಸಾಮಾನ್ಯ ತಟ್ಟೆ-ಲೋಟದ ಸದ್ದೂ ಚುಚ್ಚತೊಡಗುತ್ತದೆ.

ರಾತ್ರಿಗೆ ಫ್ಯಾನ್ ಮತ್ತೆ ಹಾಕಿ, ಜೊತೆಗೆ ಮಳೆ, ಹೊಳೆ ಅಥವಾ ತಂಬೂರಿಯ ಧ್ವನಿಯನ್ನು ಫೋನಿನ ಸ್ಪೀಕರಿನಲ್ಲಿ, ಮಂಚದಿಂದ ಒಂದು ಮೀಟರ್ ದೂರದಲ್ಲಿ ಇಡಬೇಕು. ಇಯರ್‌ಫೋನ್ ಬೇಡ. ಎಲ್ಲರೂ ಎಡವುವುದು ವಾಲ್ಯೂಮಿನಲ್ಲಿ: ಸೀಟಿ ಮುಳುಗಿಹೋಗುವಷ್ಟು ಜೋರಾಗಿ ಇಟ್ಟರೆ ಮೆದುಳಿಗೆ ಅದಕ್ಕೆ ಒಗ್ಗಿಕೊಳ್ಳುವ ಅವಕಾಶವೇ ಇಲ್ಲ, ನಿಲ್ಲಿಸಿದ ಕೂಡಲೇ ಇನ್ನೂ ಜೋರೆನಿಸುತ್ತದೆ. ಸೀಟಿ ಸ್ವಲ್ಪ ಕೇಳುತ್ತಿರಬೇಕು, ಹೊರಗಿನ ಸದ್ದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿರಬೇಕು. ಹಗಲಲ್ಲೂ ಕೋಣೆ ಪೂರ್ತಿ ನಿಶ್ಶಬ್ದವಾಗಲು ಬಿಡಬಾರದು.

ನಿದ್ದೆ ಬಾರದೆ ಇಪ್ಪತ್ತು ನಿಮಿಷವಾಯಿತೆನಿಸಿದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ತೂಕಡಿಸಿದಾಗ ಮರಳಬೇಕು. ಗಡಿಯಾರ ನೋಡಬಾರದು. ಎಷ್ಟೇ ತಡವಾಗಿ ಮಲಗಿದರೂ ಬೆಳಗ್ಗೆ ಆರೂವರೆಗೆ ಏಳುವುದು. ಕಾಫಿ ಪೂರ್ತಿ ಬಿಡಬೇಕೆಂದು ಯಾರೋ ಹೇಳಿದ್ದರು. ಒಮ್ಮೆಲೇ ಬಿಟ್ಟರೆ ತಲೆನೋವು, ಕಿರಿಕಿರಿ ಬರುತ್ತದೆ. ಮಧ್ಯಾಹ್ನದ ನಂತರ ಬೇಡ ಎಂದರೆ ಸಾಕು. ಗಿಂಕ್ಗೊ ಎಂಬ ಮರದ ಎಲೆಯ ಸಾರದ ಮಾತ್ರೆ, ಜಿಂಕ್ ಮಾತ್ರೆಗಳಿಂದ ಪ್ರಯೋಜನವಿದೆ ಎನ್ನಲು ಆಧಾರವಿಲ್ಲ, ದುಡ್ಡು ದಂಡ. ನೋವಿಗೆಂದು ಆಸ್ಪಿರಿನ್, ಐಬುಪ್ರೊಫೇನ್ ತಾವಾಗಿ ನುಂಗುವುದೂ ಬೇಡ, ಹೆಚ್ಚಿನ ಪ್ರಮಾಣದಲ್ಲಿ ಅವೇ ಮೊರೆತ ತರಬಲ್ಲವು.

ಕೇಳಿ ನೋಡುವ ಚಟ ಬಿಡಿಸಲು ಅರಿವಿನ ವರ್ತನಾ ಚಿಕಿತ್ಸೆಯ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಗುರುತಿಸಿ ಬದಲಿಸುವ ಮಾತಿನ ಚಿಕಿತ್ಸೆಯ, ಕ್ರಮ ಬಳಸಲಾಯಿತು. ಕಿವಿಮೊರೆತದ ಕಾಟ ತಗ್ಗಿಸುವಲ್ಲಿ ಅತಿ ಹೆಚ್ಚು ಆಧಾರವಿರುವುದು ಇದಕ್ಕೇ. ಪರೀಕ್ಷಿಸಬೇಕೆನಿಸಿದಾಗ ಸಣ್ಣ ಪುಸ್ತಕದಲ್ಲಿ ಸಮಯ, ಆಗ ಬಂದ ಯೋಚನೆ, ನಂತರ ಮಾಡಿದ್ದೇನು ಎಂದು ಬರೆಯಬೇಕಿತ್ತು. ಪುಟದಲ್ಲಿ ಮೇಲಿಂದ ಮೇಲೆ ಬಂದ ಸಾಲು "ನಾನು ಕಿವುಡನಾಗ್ತೀನಿ". ಅದರ ಪಕ್ಕ ಆಡಿಯೋಗ್ರಾಂ ಇಟ್ಟು ಓದಿಸಲಾಯಿತು: ಮಾತು ಕೇಳಲು ಮುಖ್ಯವಾದ 500ರಿಂದ 2000 ಹರ್ಟ್ಸ್‌ವರೆಗೆ ಗೆರೆ ಸಹಜವಾಗಿಯೇ ಇತ್ತು. ಕೂಡಲೇ ಪೂರ್ತಿ ನಿಲ್ಲಿಸಿ ಎನ್ನಲಿಲ್ಲ, ಅದು ಆಗದ ಮಾತು. ಪರೀಕ್ಷಿಸುವುದನ್ನು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ ಮುಂದೂಡುವ ಅಭ್ಯಾಸ ಮಾಡಿಸಲಾಯಿತು. ಮನೆಯವರಿಗೂ ಒಂದು ಸೂಚನೆ: "ಇವತ್ತು ಹೆಂಗಿದೆ?" ಎಂದು ದಿನಾ ಕೇಳಬೇಡಿ.

"ಹೋಗ್ತದಾ" ಎಂಬುದಕ್ಕೆ ಸುಳ್ಳು ಭರವಸೆ ಕೊಡಲಿಲ್ಲ. ಹೊಸ ಮೊರೆತ ಅನೇಕರಲ್ಲಿ ವಾರಗಳಲ್ಲಿ, ತಿಂಗಳುಗಳಲ್ಲಿ ತಗ್ಗುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಮೊರೆತ ಹಾಗೆ ಉಳಿದುಹೋದವರಲ್ಲೂ ಹೆಚ್ಚಿನವರಿಗೆ ಅದರ ಕಾಟ ಇಳಿಯುತ್ತದೆ. ಯಾರಿಗೆ ಯಾವುದು ಎಂದು ಒಂಬತ್ತನೆಯ ದಿನ ಯಾರೂ ಹೇಳಲಾರರು. "ಇದಕ್ಕೆ ಏನೂ ಮಾಡೋಕಾಗಲ್ಲ, ಹೊಂದಿಕೊಳ್ಳಿ" ಎಂದು ಒಂದೇ ವಾಕ್ಯದಲ್ಲಿ ಕಳಿಸುವುದು ಕ್ರೌರ್ಯ.

ಎಂಟು ವಾರದ ಬಳಿಕ ಅಂಕ 28ಕ್ಕೆ ಇಳಿಯಿತು, ನಿದ್ದೆ ಆರು ಗಂಟೆಗೆ ಏರಿತು. ಎಡಗಿವಿಯಲ್ಲಿ ಸದ್ದು ಇನ್ನೂ ಇದೆ. ಮೂರನೆಯ ತಿಂಗಳಿಗೆ ಮತ್ತೊಂದು ಆಡಿಯೋಗ್ರಾಂ ನಿಗದಿಯಾಗಿದೆ. ಆರು ತಿಂಗಳ ಮೇಲೂ ಕಾಟ ಉಳಿದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸುವುದೆಂದು ಮಾತಾಗಿದೆ.

ಮುಂದಿನ ಗಣೇಶನ ಹಬ್ಬಕ್ಕೆ ಹೋಗಬಾರದೇ ಎಂದು ಕೇಳಿದರು. ಹೋಗಬಹುದು, ಸ್ಪೀಕರ್ ಸಾಲಿನಿಂದ ದೂರ, ಗಂಟೆಗೊಮ್ಮೆ ಹದಿನೈದು ನಿಮಿಷ ಪಕ್ಕದ ಬೀದಿಗೆ ಸರಿಯುತ್ತ, ಫೋಮ್ ಇಯರ್‌ಪ್ಲಗ್ ಹಾಕಿಕೊಂಡು. ಹತ್ತಿ ಸಾಲದು, ಅದು ತಡೆಯುವುದು ಅತ್ಯಲ್ಪ. ಪ್ಲಗ್ಗನ್ನು ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ಸೇರಿಸಿ 30 ಸೆಕೆಂಡ್ ಒತ್ತಿ ಹಿಡಿಯಬೇಕು. ಹೊರಗೆ ಅರ್ಧ ಚಾಚಿಕೊಂಡಿದ್ದರೆ ಸರಿಯಾಗಿ ಕೂತಿಲ್ಲ, ತೆಗೆದು ಮತ್ತೆ ಹಾಕಬೇಕು.